ಪಟ್ಟಿ ಚಿಕ್ಕದಿರಲಿ, ಬೇಲಿಯಾಗದಿರಲಿ

ಬೋಧನಾಭ್ಯಾಸಕ್ಕೆ ಶಾಲೆಗಳ ಹಂಚಿಕೆಯಾದ ದಿನ, ಪ್ರತಿ ವರ್ಷವೂ, ಯಾರಾದರೊಬ್ಬ ಪ್ರಶಿಕ್ಷಣಾರ್ಥಿ ಪಾಠಯೋಜನೆಯ ಪುಸ್ತಕ ಹಿಡಿದು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಮೊದಲನೇ ಪಾಠದಲ್ಲಿ ಎಷ್ಟು ಕೌಶಲ ತೋರಿಸಬೇಕು?" ಹಲವು ವರ್ಷ ನಾನು ಕೊಡುತ್ತಿದ್ದ ಉತ್ತರ, "ಕಲಿತದ್ದೆಲ್ಲಾ ಬರಲಿ" ಎಂಬುದು. ಅವರು ಹಾಗೆಯೇ ಮಾಡುತ್ತಿದ್ದರು. ನಲವತ್ತು ನಿಮಿಷದಲ್ಲಿ ಪೀಠಿಕೆ, ಚಾರ್ಟು, ಮಾದರಿ, ಗುಂಪು ಚಟುವಟಿಕೆ, ಪ್ರಶ್ನೆ, ಪುನರ್ಬಲನ, ಹಾಡು, ಗೃಹಪಾಠ ಎಲ್ಲವೂ ಓಡಿಹೋಗುತ್ತಿದ್ದವು. ಕೊನೆಯ ಬೆಂಚಿನ ಹಿಂದೆ ಕುಳಿತ ನಾನು ಅವಲೋಕನ ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋಗುತ್ತಿದ್ದೆ. ಮಕ್ಕಳು ಏನು ಕಲಿತರು ಎಂದು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಲ್ಲುತ್ತಿತ್ತು.

ಈಗ ನನ್ನ ಉತ್ತರ ಬದಲಾಗಿದೆ. "ನಾಲ್ಕರಲ್ಲಿ ಎರಡು ಆರಿಸಿಕೊಳ್ಳಿ. ಆ ಎರಡನ್ನೇ ನಾನು ನೋಡುತ್ತೇನೆ" ಎನ್ನುತ್ತೇನೆ. ಬದಲಾಗಲು ಕಾರಣ ಯಾವುದೋ ಕಾರ್ಯಾಗಾರವಲ್ಲ; ನಮ್ಮ ಮನೆಯ ಊಟದ ಮೇಜಿನ ಮೇಲೆ ನಡೆದ ಒಂದು ಆಟ. ಆ ಆಟದಲ್ಲಿ ಒಂದು ಪಾತ್ರಕ್ಕೆ ಎಷ್ಟು ಶಕ್ತಿಗಳನ್ನು ಕೊಡಬೇಕು, ಅವುಗಳಲ್ಲಿ ಆಟಗಾರ ಎಷ್ಟನ್ನು ಆರಿಸಿಕೊಳ್ಳಬೇಕು ಎಂಬ ಬಗ್ಗೆ ಐವತ್ತು ವರ್ಷಗಳಿಂದ ವಾದ ನಡೆಯುತ್ತಿದೆ. ಆ ವಾದದಲ್ಲಿ ನಮಗೆ, ಅಂದರೆ ಹೊಸಬರಿಗೆ ಕಲಿಸುವುದನ್ನೇ ಕಸುಬು ಮಾಡಿಕೊಂಡವರಿಗೆ, ಬೇಕಾದ ವಿಷಯವಿದೆ ಎಂಬುದು ನನ್ನ ಅಭಿಪ್ರಾಯ.

ಆಟ ಯಾವುದು

ಪಾತ್ರಾಭಿನಯ ವಿಧಾನವನ್ನು ನಾವೆಲ್ಲ ಬಲ್ಲೆವು. ನಾನು ಹೇಳುತ್ತಿರುವ ಆಟ ಅದರ ದೂರದ ನೆಂಟ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ. "ಎದುರಿಗೆ ಬೀಗ ಹಾಕಿದ ಬಾಗಿಲು, ಹಿಂದೆ ಕಾವಲುಗಾರರ ಹೆಜ್ಜೆ ಸದ್ದು. ಏನು ಮಾಡುತ್ತೀರಿ?" ಎಂದು ನಡೆಸುವವರು ಕೇಳುತ್ತಾರೆ. ಆಟಗಾರ ತನ್ನ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾನೆ. ಆಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ದಾಳ ಹಾಕುತ್ತಾರೆ. ತಾಳಮದ್ದಳೆ ಕಂಡವರಿಗೆ ಇದರ ಒಂದು ಮುಖ ಬೇಗ ಅರ್ಥವಾಗುತ್ತದೆ: ಪಾತ್ರ ಮೊದಲೇ ಗೊತ್ತು, ಮಾತು ಸ್ಥಳದಲ್ಲೇ ಹುಟ್ಟಬೇಕು. ವ್ಯತ್ಯಾಸವೆಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ.

ಈ ಬಗೆಯ ಮೊದಲ ಪ್ರಕಟಿತ ಆಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ಹೊರತಂದರು. ಅದರಲ್ಲಿ ಪಾತ್ರಗಳನ್ನು 'ಕ್ಲಾಸ್'ಗಳಾಗಿ ವಿಂಗಡಿಸಿದ್ದರು. ಇಲ್ಲಿ ಕ್ಲಾಸ್ ಎಂದರೆ ನಮ್ಮ ತರಗತಿಯಲ್ಲ, ಪಾತ್ರದ ಕಸುಬು ಎನ್ನಿ. ಮೊದಲಿಗೆ ಇದ್ದದ್ದು ಮೂರೇ: ಯೋಧ, ಮಾಂತ್ರಿಕ, ಮತ್ತು ಇವೆರಡರ ನಡುವೆ ಕ್ಲೆರಿಕ್ ಎಂಬ ಪುರೋಹಿತ. ಒಂದೊಂದು ಕಸುಬಿಗೂ ಒಂದೊಂದು ಶಕ್ತಿಪಟ್ಟಿ. ಮಾಂತ್ರಿಕನ ಮೊದಲ ಹಂತದ ಪಟ್ಟಿಯಲ್ಲಿ 8 ಮಂತ್ರಗಳಿದ್ದವು. ಹೊಸ ಮಾಂತ್ರಿಕ ಒಂದು ಸಾಹಸಕ್ಕೆ ಹೊರಡುವಾಗ ಅದರಲ್ಲಿ ಒಂದನ್ನು ಮಾತ್ರ ಸಿದ್ಧಮಾಡಿಕೊಂಡು ಹೋಗಬಹುದಿತ್ತು. ನಿದ್ದೆ ಬರಿಸುವ ಮಂತ್ರವೋ, ಬೆಳಕು ಕೊಡುವ ಮಂತ್ರವೋ, ಬಾಗಿಲನ್ನು ಬಿಗಿಹಿಡಿಯುವ ಮಂತ್ರವೋ? ಒಂದು ಆರಿಸಿದರೆ ಏಳನ್ನು ಬಿಟ್ಟಂತೆ.

ಎರಡು ಸಂಜೆಗಳು

ರಜೆಗೆ ಮನೆಗೆ ಬಂದ ಮಗಳು ಈ ಆಟದ 2014ರ ಆವೃತ್ತಿಯ ದಪ್ಪ ಪುಸ್ತಕ ತಂದಿದ್ದಳು. ಅವಳ ಇಬ್ಬರು ಗೆಳತಿಯರು ಬಂದಿದ್ದರು, ನಾಲ್ಕನೆಯ ಆಟಗಾರರು ಬೇಕಿತ್ತು. "ಅಮ್ಮಾ, ನೀನೂ ಕೂತ್ಕೋ" ಎಂದಳು. ಮಾಂತ್ರಿಕನಾಗುತ್ತೇನೆ ಎಂದೆ. ಅಲ್ಲಿಂದ ಕಷ್ಟ ಶುರುವಾಯಿತು. ಆ ಆವೃತ್ತಿಯಲ್ಲಿ ಹೊಸ ಮಾಂತ್ರಿಕ ಮೊದಲು 3 ಕಿರುಮಂತ್ರಗಳನ್ನು ಆರಿಸಬೇಕು. ಆಮೇಲೆ ಮೊದಲ ಹಂತದ ಸುಮಾರು 30 ಮಂತ್ರಗಳ ಪಟ್ಟಿಯಿಂದ 6ನ್ನು ತನ್ನ ಪುಸ್ತಕಕ್ಕೆ ಬರೆದುಕೊಳ್ಳಬೇಕು. ಆ ಆರರಲ್ಲಿ ಇವತ್ತಿಗೆ ಯಾವುವನ್ನು ಸಿದ್ಧಮಾಡಿಕೊಳ್ಳುತ್ತೇನೆ ಎಂದು ಮತ್ತೆ ಆರಿಸಬೇಕು. ಒಂದೊಂದು ಮಂತ್ರಕ್ಕೂ ದೂರ, ಅವಧಿ, ಬೇಕಾದ ಸಾಮಗ್ರಿ ಎಂದು ಒಂದು ಪ್ಯಾರಾ. ಒಂಬತ್ತು ಗಂಟೆಯಾದರೂ ನಾನು ಪಟ್ಟಿ ಓದುತ್ತಲೇ ಇದ್ದೆ. ಯಾವುದು ಯಾವಾಗ ಬೇಕಾಗುತ್ತದೆ ಎಂದು ಗೊತ್ತಾಗಬೇಕಾದರೆ ಆಡಿರಬೇಕು; ಆಡಬೇಕಾದರೆ ಮೊದಲು ಆರಿಸಿರಬೇಕು. ಕೊನೆಗೆ ಮಗಳೇ ಆರಿಸಿಕೊಟ್ಟಳು. ಆ ರಾತ್ರಿ ನಾನು ಆಡಿದ್ದು ಅವಳ ಮಾಂತ್ರಿಕನನ್ನು.

ಮುಂದಿನ ವಾರ ಅವಳು ಬೇರೆ ಆಟ ತಂದಳು. 2012ರ 'ಡಂಜನ್ ವರ್ಲ್ಡ್'. ಅದರಲ್ಲಿ ಒಂದು ಕಸುಬಿಗೆ ಒಂದು ಹಾಳೆ. ಆ ಮೇಜಿನಲ್ಲಿ ಯೋಧನ ಹಾಳೆ ಒಬ್ಬರಿಗೇ ಸಿಗುತ್ತದೆ. ಇನ್ನೊಬ್ಬ ಯೋಧ ಇರುವುದಿಲ್ಲ. ನಾನು ಯೋಧನ ಹಾಳೆ ತೆಗೆದುಕೊಂಡೆ. ಆರಂಭದ ಶಕ್ತಿಗಳು ಮೊದಲೇ ಅಚ್ಚಾಗಿದ್ದವು. ನಾನು ಮಾಡಬೇಕಿದ್ದ ದೊಡ್ಡ ಆಯ್ಕೆ, ನನ್ನದೇ ಆದ ಒಂದು ಆಯುಧ ಎಂಥದ್ದು ಎಂಬುದು. ಕತ್ತಿಯೋ, ಕೊಡಲಿಯೋ, ಸುತ್ತಿಗೆಯೋ ಎಂದು ಒಂದು ಚಿಕ್ಕ ಸಾಲು. ಅದರ ವಿಶೇಷಗಳ ಇನ್ನೊಂದು ಚಿಕ್ಕ ಪಟ್ಟಿಯಿಂದ ಎರಡು. ನಾನು ಸುತ್ತಿಗೆ ಆರಿಸಿ, ಅದು ಭಾರಿ ದೊಡ್ಡದು, ಹಳೆಯ ಕಾಲದ್ದು ಎಂದೆ. ಅರ್ಧ ಗಂಟೆಯಲ್ಲಿ ಆಟ ಶುರುವಾಯಿತು. ನನ್ನ ಯೋಧ ನನ್ನವನೇ ಆಗಿದ್ದ.

ಎರಡು ಸಂಜೆಗಳ ನಡುವೆ ನನ್ನ ಬುದ್ಧಿ ಬೆಳೆದಿರಲಿಲ್ಲ. ಬದಲಾದದ್ದು ಪಟ್ಟಿಯ ಉದ್ದ.

ಚಿಕ್ಕ ಪಟ್ಟಿ ಮಾಡುವ ಕೆಲಸ

ಆಟ ಶುರುವಾದ ಸ್ವಲ್ಪ ಹೊತ್ತಿಗೆ ಕಬ್ಬಿಣದ ಸರಳಿನ ಬಾಗಿಲೊಂದು ಎದುರಾಯಿತು. ಯೋಧನ ಹಾಳೆಯಲ್ಲಿ ಇಂಥದ್ದಕ್ಕೇ ಒಂದು ಶಕ್ತಿಯಿದೆ. ಬರೀ ತೋಳ್ಬಲದಿಂದ ಅಡ್ಡಿಯೊಂದನ್ನು ಮುರಿಯುವಾಗ ಆರು ಮುಖದ ಎರಡು ದಾಳ ಹಾಕಿ ಬಲದ ಅಂಕ ಕೂಡಿಸಬೇಕು. ಕೆಲಸ ಆಗುತ್ತದೆ, ಹೇಗೆ ಆಗುತ್ತದೆ ಎಂಬುದಕ್ಕೆ ನಾಲ್ಕು ಸಾಲಿನ ಪಟ್ಟಿ. ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಬೆಲೆಬಾಳುವುದೇನೂ ಹಾಳಾಗುವುದಿಲ್ಲ. ಅತಿಯಾದ ಸದ್ದಾಗುವುದಿಲ್ಲ. ಆಮೇಲೆ ಸುಲಭವಾಗಿ ಮತ್ತೆ ಸರಿಪಡಿಸಬಹುದು. ಹತ್ತು ಅಥವಾ ಹೆಚ್ಚು ಬಂದರೆ ಮೂರು ಆರಿಸಬಹುದು; ಏಳರಿಂದ ಒಂಬತ್ತು ಬಂದರೆ ಎರಡೇ.

ನನಗೆ ಬಂದದ್ದು ಎಂಟು. ಎಲ್ಲರೂ ನನ್ನ ಮುಖ ನೋಡಿದರು. ಕಾವಲುಗಾರರು ಹತ್ತಿರದಲ್ಲಿದ್ದಾರೆ, ಆದ್ದರಿಂದ ಸದ್ದಾಗಬಾರದು. ಬಾಗಿಲ ಆಚೆ ಗಾಜಿನ ಪಾತ್ರೆಗಳಿವೆ ಎಂದು ಆಗಲೇ ತಿಳಿದಿತ್ತು, ಅವು ಒಡೆಯಬಾರದು. ಅಲ್ಲಿಗೆ ಎರಡೂ ಮುಗಿದವು. ಹಾಗಾದರೆ ಹೊತ್ತು ಹಿಡಿಯುತ್ತದೆ, ಬಾಗಿಲು ಮತ್ತೆ ಮುಚ್ಚಲಾಗದು. ಇಷ್ಟು ಯೋಚಿಸಲು ಒಂದು ನಿಮಿಷ ತೆಗೆದುಕೊಂಡೆ. ಆ ಒಂದು ನಿಮಿಷದಲ್ಲಿ ನಾನು ಪರಿಸ್ಥಿತಿಯನ್ನು ಓದಿದೆ, ಯಾವುದು ಮುಖ್ಯ ಎಂದು ತೂಗಿದೆ, ಯಾವುದನ್ನು ಕಳೆದುಕೊಳ್ಳಲು ಸಿದ್ಧ ಎಂದು ನಿರ್ಧರಿಸಿದೆ. ಪಾಠದ ನಡುವೆ ಶಿಕ್ಷಕರು ಮಾಡಬೇಕಾದ ಯೋಚನೆ ಇದೇ ಅಲ್ಲವೇ? ಹತ್ತು ನಿಮಿಷ ಉಳಿದಿದೆ. ಇನ್ನೊಂದು ಉದಾಹರಣೆ ಕೊಡಲೋ, ಹಿಂದಿನ ಸಾಲಿನ ಮಕ್ಕಳಿಗೆ ಅರ್ಥವಾಯಿತೇ ಎಂದು ಪರೀಕ್ಷಿಸಲೋ? ಎರಡೂ ಆಗುವುದಿಲ್ಲ.

ಚಿಕ್ಕ ಪಟ್ಟಿಯಿಂದ ಮೂರು ಲಾಭ ಕಂಡೆ. ಒಂದು, ಹೊಸಬರು ಬೇಗ ಕೆಲಸಕ್ಕಿಳಿಯುತ್ತಾರೆ. ಕಲಿಕೆ ಮಾಡುವುದರಲ್ಲಿದೆಯೇ ಹೊರತು ಪಟ್ಟಿ ಓದುವುದರಲ್ಲಿಲ್ಲ. ಎರಡು, ಆಯ್ಕೆಗೆ ಬೆಲೆ ಬರುತ್ತದೆ. ಎಲ್ಲವೂ ಸಿಗುವಲ್ಲಿ ಯಾರೂ ಯೋಚಿಸುವುದಿಲ್ಲ. ಮೂರು, ಒಬ್ಬರಿಗೊಬ್ಬರು ಬೇಕಾಗುತ್ತಾರೆ. ಬಾಗಿಲು ಮುರಿಯುವುದು ನನ್ನಿಂದ ಮಾತ್ರ ಸಾಧ್ಯವಿತ್ತು. ಗಾಯ ವಾಸಿಮಾಡುವುದು ಮಗಳ ಗೆಳತಿಯಿಂದ. ಆ ಮೇಜಿನಲ್ಲಿ ಸುಮ್ಮನೆ ಕುಳಿತವರು ಯಾರೂ ಇರಲಿಲ್ಲ.

ಉದ್ದ ಪಟ್ಟಿಯ ಕಥೆ

ಹಾಗಿದ್ದರೆ ಪಟ್ಟಿ ಉದ್ದವಾದದ್ದು ಏಕೆ? ಆಟಗಾರರು ಕೇಳಿದರು, ಕೇಳಿದ್ದರಲ್ಲಿ ನ್ಯಾಯವೂ ಇತ್ತು. ನನ್ನ ಯೋಧ ಪಕ್ಕದವನ ಯೋಧನಿಗಿಂತ ಬೇರೆ ಇರಬೇಕು ಎಂಬುದು ಸಹಜ ಆಸೆ. 2000ದಲ್ಲಿ ಬಂದ ಮೂರನೇ ಆವೃತ್ತಿ ಆ ಆಸೆಯನ್ನು ಧಾರಾಳವಾಗಿ ಪೂರೈಸಿತು. 'ಫೀಟ್' ಎಂಬ ವಿಶೇಷ ಸಾಮರ್ಥ್ಯಗಳ ದೊಡ್ಡ ಪಟ್ಟಿ ಬಂತು. ಎಲ್ಲ ಪಾತ್ರಗಳಿಗೂ ಸಿಗುವ ಫೀಟ್‌ಗಳ ಜೊತೆಗೆ ಯೋಧನಿಗೆ ಇಪ್ಪತ್ತು ಹಂತಗಳಲ್ಲಿ 11 ಹೆಚ್ಚುವರಿ ಫೀಟ್‌ಗಳು. ಒಂದನ್ನು ಪಡೆಯಲು ಇನ್ನೊಂದು ಮೊದಲೇ ಇರಬೇಕು ಎಂಬ ಸರಪಳಿ ಬೇರೆ.

ಪಟ್ಟಿಯಲ್ಲಿದ್ದುದೆಲ್ಲ ಸಮನಾಗಿರಲಿಲ್ಲ. 'ಟಫ್‌ನೆಸ್' ಎಂಬ ಫೀಟ್ ಪಾತ್ರದ ಜೀವಬಲಕ್ಕೆ 3 ಅಂಕ ಸೇರಿಸುತ್ತಿತ್ತು. ಮೊದಲ ಹಂತದಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ಹತ್ತನೆಯ ಹಂತಕ್ಕೆ ಲೆಕ್ಕಕ್ಕಿಲ್ಲ. ಹೊಸಬ ಅದನ್ನೇ ಆರಿಸುತ್ತಿದ್ದ, ಹಳಬ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಆ ಆವೃತ್ತಿಯ ವಿನ್ಯಾಸಕಾರರಲ್ಲಿ ಒಬ್ಬರಾದ ಮಾಂಟಿ ಕುಕ್, ನಿಯಮಗಳನ್ನು ಇಟ್ಟೆವು, ಅವನ್ನು ಹೇಗೆ ಬಳಸಬೇಕೆಂಬ ಸಲಹೆಯನ್ನು ಹೆಚ್ಚು ಕೊಡಲಿಲ್ಲ ಎಂಬ ಅರ್ಥದಲ್ಲಿ ಆಮೇಲೆ ತಾವೇ ಬರೆದುಕೊಂಡರು. ಆಟವನ್ನು ಚೆನ್ನಾಗಿ ಬಲ್ಲವರಿಗೆ ಅದರಿಂದ ಲಾಭವಾಗಲಿ ಎಂಬ ಉದ್ದೇಶವೂ ಹಿಂದೆ ಇತ್ತು.

ಇದನ್ನು ಓದಿದಾಗ ನನಗೆ ನಮ್ಮ ಕಾಲೇಜಿನ ಗ್ರಂಥಾಲಯದ ಬೋಧನಾ ವಿಧಾನಗಳ ಕಪಾಟು ನೆನಪಾಯಿತು. ಪ್ರಾಯೋಜನಾ ವಿಧಾನ, ಅನ್ವೇಷಣಾ ವಿಧಾನ, ಪಾತ್ರಾಭಿನಯ, ಚರ್ಚಾ ವಿಧಾನ, ಪರಿಕಲ್ಪನಾ ನಕ್ಷೆ. "ನಿಮಗೆ ಬೇಕಾದ್ದು ಆರಿಸಿಕೊಳ್ಳಿ" ಎಂದು ನಾವು ಉದಾರವಾಗಿ ಹೇಳುತ್ತೇವೆ. ಮನೆಯಲ್ಲಿ ಶಿಕ್ಷಕರಿರುವ ಪ್ರಶಿಕ್ಷಣಾರ್ಥಿಗೆ ಯಾವುದು ಯಾವ ತರಗತಿಗೆ ಒಗ್ಗುತ್ತದೆ ಎಂದು ಅರ್ಧ ಗೊತ್ತಿರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದಿ ಬಂದವರು ಚೆಂದದ ಹೆಸರಿನದೊಂದನ್ನು ಹಿಡಿದು ಬರುತ್ತಾರೆ, ಪಾಠ ಕುಸಿಯುತ್ತದೆ, ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ. ಸಲಹೆಯಿಲ್ಲದ ಉದ್ದ ಪಟ್ಟಿ ಸ್ವಾತಂತ್ರ್ಯದಂತೆ ಕಾಣುತ್ತದೆ. ನಡೆದುಕೊಳ್ಳುವುದು ಮಾತ್ರ ಬಲ್ಲವರ ಪಕ್ಷಪಾತಿಯಾಗಿ.

ಆದರೆ ಒಂದೇ ಬಾಗಿಲಿದ್ದರೆ ಅದು ಆಯ್ಕೆಯಲ್ಲ

ಎದುರುವಾದವನ್ನೂ ಹೇಳಬೇಕು. ಪಟ್ಟಿ ಅತಿ ಚಿಕ್ಕದಾದರೆ ಬೇಸರ ಬರುತ್ತದೆ. ಹಳೆಯ ಆಟಗಾರರ ಖಾಯಂ ದೂರು ಇದು: ಮಾಂತ್ರಿಕನ ಸರದಿ ಬಂದಾಗ ಹತ್ತು ದಾರಿ, ಯೋಧನ ಸರದಿ ಬಂದಾಗ "ಹೊಡೆಯುತ್ತೇನೆ" ಎಂಬ ಒಂದೇ ಮಾತು.

2014ರ ಆವೃತ್ತಿ ಇದಕ್ಕೆ ಕಂಡುಕೊಂಡ ದಾರಿ ನನಗೆ ಇಷ್ಟವಾಯಿತು. ಅಲ್ಲಿ ಯೋಧ ಮೊದಲ ಹಂತದಲ್ಲಿ 6 ಕಾದಾಟದ ಶೈಲಿಗಳಲ್ಲಿ ಒಂದನ್ನು ಆರಿಸುತ್ತಾನೆ. ಎರಡು ಹಂತ ಆಡಿ, ಕೈ ಪಳಗಿದ ಮೇಲೆ, ಮೂರನೆಯ ಹಂತದಲ್ಲಿ 3 ಮಾರ್ಗಗಳಲ್ಲಿ ಒಂದು. 'ಚಾಂಪಿಯನ್' ಮಾರ್ಗದಲ್ಲಿ ಆ ಹಂತಕ್ಕೆ ಹೊಸದಾಗಿ ನಿರ್ಧರಿಸುವಂಥದ್ದು ಏನೂ ಇಲ್ಲ. ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದಾಗ ಮಾತ್ರ ಸಿಗುತ್ತಿದ್ದ ಭಾರೀ ಪೆಟ್ಟು 19ಕ್ಕೂ ಸಿಗುತ್ತದೆ, ಅಷ್ಟೇ. 'ಬ್ಯಾಟಲ್ ಮಾಸ್ಟರ್' ಮಾರ್ಗದಲ್ಲಿ 16 ಪಟ್ಟುಗಳ ಪಟ್ಟಿಯಿಂದ 3ನ್ನು ಆರಿಸಿ, ಹೊಡೆತ ಹೊಡೆತಕ್ಕೂ ಯಾವುದನ್ನು ಬಳಸಲಿ ಎಂದು ಯೋಚಿಸಬೇಕು. ಮುಂದೆ 7, 10, 15ನೆಯ ಹಂತಗಳಲ್ಲಿ ಎರಡೆರಡು ಪಟ್ಟು ಸೇರುತ್ತಾ ಹೋಗುತ್ತವೆ. ಒಂದೇ ಕಸುಬು, ಒಂದೇ ಮೇಜು; ಇವತ್ತು ಬಂದವರೂ ಹತ್ತು ವರ್ಷ ಆಡಿದವರೂ ಪಕ್ಕಪಕ್ಕದಲ್ಲಿ ಕೂರಬಹುದು. ಆದರೂ ದೂರು ನಿಲ್ಲಲಿಲ್ಲ. 2024ರ ಪರಿಷ್ಕರಣೆಯಲ್ಲಿ ಆಯುಧಗಳಿಗೇ 8 ಬಗೆಯ ವಿಶೇಷ ಗುಣಗಳನ್ನು ಕೊಟ್ಟು, ಯೋಧನಿಗೆ ಮೊದಲ ಹಂತದಲ್ಲೇ 3 ಆಯುಧಗಳ ಗುಣವನ್ನು ಬಳಸುವ ಅವಕಾಶ ಮಾಡಿದರು.

ಅಂದರೆ ಪಟ್ಟಿ ಎಷ್ಟು ಉದ್ದವಿರಬೇಕು ಎಂಬುದಕ್ಕೆ ಶಾಶ್ವತ ಉತ್ತರವಿಲ್ಲ. ಯಾರಿಗೆ, ಯಾವ ಹಂತದಲ್ಲಿ ಎಂಬುದನ್ನು ನೋಡಿ ಅಳೆಯಬೇಕು. ಮೊದಲ ವಾರ ಎರಡು ಕೌಶಲ ಸಾಕಾದ ಪ್ರಶಿಕ್ಷಣಾರ್ಥಿಗೆ ಆರನೆಯ ವಾರವೂ ಎರಡನ್ನೇ ಕೊಟ್ಟರೆ ಅದು ಅವರ ಬೆಳವಣಿಗೆಯನ್ನು ತಡೆದಂತೆ.

ಕಳ್ಳನ ಪ್ರಶ್ನೆ

ಈ ಲೇಖನ ಬರೆಯಲು ನಿಜವಾದ ಕಾರಣ ಈಗ ಹೇಳುತ್ತೇನೆ. 1975ರಲ್ಲಿ 'ಗ್ರೇಹಾಕ್' ಎಂಬ ಪುರವಣಿಯಲ್ಲಿ ನಾಲ್ಕನೆಯ ಕಸುಬು ಬಂತು: ಕಳ್ಳ. ಬೀಗ ತೆಗೆಯುವುದು, ಸದ್ದಿಲ್ಲದೆ ನಡೆಯುವುದು, ನೆರಳಲ್ಲಿ ಅಡಗುವುದು, ಗೋಡೆ ಹತ್ತುವುದು ಅವನ ಪಟ್ಟಿಯ ಶಕ್ತಿಗಳು. ಒಂದೊಂದಕ್ಕೂ ನೂರಕ್ಕೆ ಇಷ್ಟು ಎಂಬ ಅಂಕ. 1981ರ ಬೇಸಿಕ್ ಆವೃತ್ತಿಯಲ್ಲಿ ಹೊಸ ಕಳ್ಳ ಬೀಗ ತೆಗೆಯುವ ಸಾಧ್ಯತೆ ನೂರಕ್ಕೆ 15, ನೆರಳಲ್ಲಿ ಅಡಗುವುದು ನೂರಕ್ಕೆ 10.

ಒಡನೆಯೇ ತೊಡಕು ಹುಟ್ಟಿತು. ಅಲ್ಲಿಯವರೆಗೆ ಯೋಧನೂ ಮಾಂತ್ರಿಕನೂ ಕಂಬದ ಮರೆಯಲ್ಲಿ ಅಡಗುತ್ತಿದ್ದರು, ಬೂಟು ಬಿಚ್ಚಿ ಮೆಲ್ಲನೆ ನಡೆಯುತ್ತಿದ್ದರು. ಹೇಗೆ ಮಾಡುತ್ತೇವೆ ಎಂದು ವಿವರಿಸಿದರೆ ಆಟ ನಡೆಸುವವರು ಒಪ್ಪುತ್ತಿದ್ದರು. ಈಗ ಅದು ಕಳ್ಳನ ಪಟ್ಟಿಯಲ್ಲಿದೆ. ಹಾಗಾದರೆ ಉಳಿದವರು ಅಡಗಬಹುದೇ? ಕಳ್ಳನಿಗೇ ನೂರಕ್ಕೆ ಹತ್ತಾದರೆ ಯೋಧನಿಗೆ ಎಷ್ಟು? ಎಷ್ಟೋ ಮೇಜುಗಳಲ್ಲಿ "ಅದು ಕಳ್ಳನ ಕೆಲಸ, ನೀನು ಮಾಡುವಂತಿಲ್ಲ" ಎಂಬ ಉತ್ತರ ಬಂತು. ಕಳ್ಳನಿಗೆ ಕೊಟ್ಟದ್ದು, ಯಾರೂ ಉದ್ದೇಶಿಸದಿದ್ದರೂ, ಉಳಿದವರಿಂದ ಕಿತ್ತುಕೊಂಡಂತಾಯಿತು. ಇದರ ಬಗ್ಗೆ ಆಟಗಾರರು ಇಂದಿಗೂ ಜಗಳವಾಡುತ್ತಾರೆ.

ಮಗಳು ಇದನ್ನು ಹೇಳಿದಾಗ ನಾನು ನಗಲಿಲ್ಲ. ಅದೇ ವರ್ಷ ಅಭ್ಯಾಸ ಶಾಲೆಯೊಂದರ ಎಂಟನೇ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ವಿಜ್ಞಾನ ಪಾಠ ನೋಡಿದ್ದೆ. ಗುಂಪು ಚಟುವಟಿಕೆಗೆ ಪಾತ್ರದ ಚೀಟಿಗಳು: ನಾಯಕ, ಲೇಖಕ, ವಕ್ತಾರ, ಸಾಮಗ್ರಿ ತರುವವರು, ಸಮಯಪಾಲಕ. ಆ ಚೀಟಿಗಳನ್ನು ರೂಪಿಸಿ ಕೊಟ್ಟಿದ್ದು ನಾನೇ. ಪ್ರತಿ ವರ್ಷ ಕೊಡುತ್ತಿದ್ದೆ. ಚಟುವಟಿಕೆ ಅಚ್ಚುಕಟ್ಟಾಗಿ ನಡೆಯಿತು. ಒಂದು ಗುಂಪು ಸರ್ಕ್ಯೂಟ್‌ನ ಬಲ್ಬು ಏಕೆ ಉರಿಯುತ್ತಿಲ್ಲ ಎಂದು ಹತ್ತು ನಿಮಿಷ ಒದ್ದಾಡಿತು. ಆ ಗುಂಪಿನ ಸಮಯಪಾಲಕಿ, ಬೆಂಚಿನ ತುದಿಯ ಹುಡುಗಿ, ತಂತಿಯ ಒಂದು ತುದಿ ಕಳಚಿದ್ದನ್ನು ಮೊದಲೇ ಕಂಡಿದ್ದಳು. ಅವಳ ಕಣ್ಣು ಅಲ್ಲಿಗೇ ಹೋಗುತ್ತಿದ್ದುದನ್ನು ನಾನು ಗಮನಿಸಿದ್ದೆ. ಬಿಡುವಿನಲ್ಲಿ ಕೇಳಿದೆ, "ಗೊತ್ತಿತ್ತಲ್ಲ, ಏಕೆ ಹೇಳಲಿಲ್ಲ?"

"ನಂದು ಟೈಮ್ ನೋಡೋದು ಮೇಡಂ" ಎಂದಳು.

ಅವಲೋಕನ ಪಟ್ಟಿಯಲ್ಲಿ 'ಗುಂಪು ನಿರ್ವಹಣೆ' ಎಂಬಲ್ಲಿ ನಾನು ಆಗಲೇ 'ಉತ್ತಮ' ಎಂದು ಬರೆದಾಗಿತ್ತು. ಪ್ರಶಿಕ್ಷಣಾರ್ಥಿಯ ತಪ್ಪೇನೂ ಇರಲಿಲ್ಲ. ನಾನು ಕೊಟ್ಟ ಚೀಟಿಯನ್ನು ಅವರು ಹಂಚಿದ್ದರು. ಒಬ್ಬಳಿಗೆ ಒಂದು ಕೆಲಸ ಕೊಡುವ ಭರದಲ್ಲಿ ಉಳಿದ ನಾಲ್ಕನ್ನು ಅವಳಿಂದ ಕಸಿದದ್ದು ನನ್ನ ಚೀಟಿ. ಸುಮ್ಮನಿರುವ ಅಭ್ಯಾಸವಿದ್ದ ಹುಡುಗಿಗೆ ಸುಮ್ಮನಿರಲು ಅದು ಅಧಿಕೃತ ಕಾರಣವನ್ನೂ ಒದಗಿಸಿತು.

ಎಲ್ಲರ ಹಾಳೆ

ಡಂಜನ್ ವರ್ಲ್ಡ್ ಆಟ ಇದಕ್ಕೆ ಸರಳ ಪರಿಹಾರ ಇಟ್ಟಿದೆ. ಪ್ರತಿಯೊಬ್ಬರ ಕಸುಬಿನ ಹಾಳೆಯ ಜೊತೆಗೆ ಮೇಜಿನ ನಡುವೆ ಇನ್ನೊಂದು ಹಾಳೆ ಇರುತ್ತದೆ. ಅದು ಎಲ್ಲರದು. ಅಪಾಯವನ್ನು ಎದುರಿಸುವುದು, ಸುತ್ತಲಿನದನ್ನು ಗಮನವಿಟ್ಟು ನೋಡಿ ಪ್ರಶ್ನೆ ಕೇಳುವುದು, ತಿಳಿದದ್ದನ್ನು ನೆನಪಿಸಿಕೊಳ್ಳುವುದು, ಜೊತೆಗಾರನಿಗೆ ನೆರವಾಗುವುದು, ಇಂಥವನ್ನು ಯಾವ ಕಸುಬಿನವರೂ ಮಾಡಬಹುದು. ಯೋಧ ಅಡಗಲು ಬಯಸಿದರೆ ಎಲ್ಲರ ಹಾಳೆಯಿಂದ ದಾಳ ಹಾಕುತ್ತಾನೆ. ಕಳ್ಳನ ಸ್ವಂತ ಹಾಳೆಯಲ್ಲಿ ಅದಕ್ಕಿಂತ ಹೆಚ್ಚಿನದು ಇರುತ್ತದೆ, ಅಷ್ಟೇ. ನನ್ನ ಪಟ್ಟಿ ನಾನು ವಿಶೇಷವಾಗಿ ಬಲ್ಲದ್ದನ್ನು ಹೇಳುತ್ತದೆ. ನಾನು ಮಾಡಬಾರದ್ದರ ಬಗ್ಗೆ ಅದು ಮಾತಾಡುವುದೇ ಇಲ್ಲ.

ಈ ವರ್ಷದಿಂದ ನಾನು ಕೊಡುವ ಪಾತ್ರದ ಚೀಟಿಗಳ ಜೊತೆ ಪ್ರತಿ ಗುಂಪಿನ ನಡುವೆ ಇಡಲು ಒಂದು ದೊಡ್ಡ ಚೀಟಿ ಇದೆ. ಅದರ ಮೇಲೆ ನಾಲ್ಕೇ ಸಾಲು: ಕಂಡದ್ದನ್ನು ಹೇಳು. ಅರ್ಥವಾಗದ್ದನ್ನು ಕೇಳು. ಒಪ್ಪಿಗೆಯಾಗದಿದ್ದರೆ ಕಾರಣ ಕೊಡು. ಪಕ್ಕದವರಿಗೆ ನೆರವಾಗು. ಚಟುವಟಿಕೆ ಶುರುವಾಗುವ ಮುನ್ನ ಶಿಕ್ಷಕರು ಅದನ್ನು ಗಟ್ಟಿಯಾಗಿ ಓದಿ, "ಇದು ಎಲ್ಲರ ಕೆಲಸ" ಎನ್ನಬೇಕು.

ನಮ್ಮ ಅಣುಬೋಧನೆಯೂ ಒಂದು ಪಟ್ಟಿಯೇ

1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಅಣುಬೋಧನೆಯನ್ನು ರೂಪಿಸಿದಾಗ ಮಾಡಿದ್ದೂ ಇದೇ: ಬೋಧನೆಯೆಂಬ ದೊಡ್ಡ ಕಸುಬನ್ನು ಚಿಕ್ಕ ಕೌಶಲಗಳ ಪಟ್ಟಿಯಾಗಿಸಿ, ಒಂದು ಸಲಕ್ಕೆ ಒಂದನ್ನೇ ಹಿಡಿದರು. ನಮ್ಮಲ್ಲಿ ರೂಢಿಯಲ್ಲಿರುವ 36 ನಿಮಿಷದ ಚಕ್ರ ಎಲ್ಲರಿಗೂ ಬಾಯಿಪಾಠ: 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, 6 ನಿಮಿಷ ಮರುಹಿಮ್ಮಾಹಿತಿ. ಇಷ್ಟು ಒಳ್ಳೆಯ ಚಿಕ್ಕ ಪಟ್ಟಿ ಕೈಯಲ್ಲಿದ್ದೂ ನಾವು ಮೂರು ಕಡೆ ಎಡವುತ್ತಿದ್ದೇವೆ.

ಮೊದಲನೆಯದು, ಪಟ್ಟಿಯನ್ನು ಬೇಲಿ ಮಾಡುವುದು. "ಇವತ್ತು ಪ್ರಶ್ನಿಸುವ ಕೌಶಲ, ಕಪ್ಪುಹಲಗೆ ಮುಟ್ಟಿದ್ದೇಕೆ?" ಎಂದು ಸಹಪಾಠಿಗಳ ಎದುರಿಗೆ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ; ಒಮ್ಮೆ ನಾನೂ ಕೇಳಿದ್ದೇನೆ. ಕೌಶಲದ ಮಿತಿ ಅವಲೋಕಿಸುವವರ ಕಣ್ಣಿಗೆ. ಬೋಧಿಸುವವರ ಕೈಗೆ ಅಲ್ಲ.

ಎರಡನೆಯದು, ಅಣುಬೋಧನೆ ಮುಗಿದ ಮರುವಾರ ಒಂದೇ ನೆಗೆತಕ್ಕೆ ಇಡೀ ಪಟ್ಟಿಯನ್ನು ತಲೆಯ ಮೇಲೆ ಹೊರಿಸುವುದು. ಒಂದು ಕೌಶಲದಿಂದ ಇಪ್ಪತ್ತು ಅಂಶಗಳ ಅವಲೋಕನ ಪಟ್ಟಿಗೆ ಹೋಗುವ ನಡುವೆ ಮೆಟ್ಟಿಲೇ ಇಲ್ಲ. ಸಂಯೋಜನಾ ಪಾಠ ಆ ಮೆಟ್ಟಿಲಾಗಬೇಕಿತ್ತು. ಅದು ಎಷ್ಟು ಕಡೆ ದಾಖಲೆಗೆ ಮಾತ್ರ ಉಳಿದಿದೆ ಎಂದು ನಾವೇ ಕೇಳಿಕೊಳ್ಳಬೇಕು.

ಮೂರನೆಯದು, ಮರುಬೋಧನೆ. ಡಂಜನ್ ವರ್ಲ್ಡ್‌ನಲ್ಲಿ ದಾಳ ಕೂಡಿಸಿ 6 ಅಥವಾ ಕಡಿಮೆ ಬಂದರೆ ಪ್ರಯತ್ನ ವಿಫಲ, ಕಥೆಯಲ್ಲಿ ಏನೋ ಕೆಡುತ್ತದೆ. ಅದೇ ಹೊತ್ತಿಗೆ ಪಾತ್ರಕ್ಕೆ ಒಂದು ಅನುಭವದ ಅಂಕ ಸಿಗುತ್ತದೆ. ಅಂಥ ಅಂಕಗಳು ಕೂಡಿದಾಗ ಹಂತ ಏರಿ, ಪಟ್ಟಿಯಿಂದ ಹೊಸ ಶಕ್ತಿ ಆರಿಸಿಕೊಳ್ಳಬಹುದು. ಸೋಲು ಪಟ್ಟಿಯನ್ನು ಬೆಳೆಸುತ್ತದೆ. ನಮ್ಮಲ್ಲಿ ಸೋಲು ಅಂಕವನ್ನು ಕಳೆಯುತ್ತದೆ, ಅದನ್ನು ಸರಿಪಡಿಸಬೇಕಾದ ಮರುಬೋಧನೆ ವೇಳೆ ಸಾಲದೆ ಸಹಿಯಲ್ಲಿ ಮುಗಿಯುತ್ತದೆ. ನನ್ನ ಸಹಿಯೂ ಅಂಥ ಪುಸ್ತಕಗಳಲ್ಲಿದೆ.

ಆಕ್ಷೇಪಗಳು

ಈ ಮಾತುಗಳನ್ನು ಸಿಬ್ಬಂದಿ ಕೊಠಡಿಯಲ್ಲಿ ಆಡಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಆಟದಲ್ಲಿ ಪಾತ್ರ ಸತ್ತರೆ ಇನ್ನೊಂದು ಹಾಳೆ ತಗೋಬಹುದು. ಕೆಟ್ಟ ಪಾಠ ಕೇಳಿದ ಮಕ್ಕಳಿಗೆ ಆ ನಲವತ್ತು ನಿಮಿಷ ವಾಪಸ್ ಬರುತ್ತದೆಯೇ?" ಎಂದರು. ಬರುವುದಿಲ್ಲ. ನಿಜವಾದ ತರಗತಿ ಒಂದೇ ಹೊತ್ತಿಗೆ ಎಲ್ಲವನ್ನೂ ಕೇಳುತ್ತದೆ ಎಂಬುದೂ ನಿಜ. ಗದ್ದಲವಾದಾಗ "ನಾನು ಇವತ್ತು ಆರಿಸಿರುವುದು ವಿವರಣಾ ಕೌಶಲ" ಎಂದು ಹೇಳಿ ಕೈಕಟ್ಟಿ ನಿಲ್ಲಲಾಗದು. ಅದಕ್ಕೇ ಪ್ರಶಿಕ್ಷಣಾರ್ಥಿಗೂ ಒಂದು 'ಎಲ್ಲರ ಹಾಳೆ' ಬೇಕು: ವಿಷಯ ತಪ್ಪಿಲ್ಲದಿರಲಿ, ಮಕ್ಕಳ ಹೆಸರು ಗೊತ್ತಿರಲಿ, ಯಾರನ್ನೂ ಅವಮಾನಿಸದಿರಲಿ, ಅರ್ಥವಾಯಿತೇ ಎಂದು ನೋಡಲಿ. ಇವು ಮೊದಲ ದಿನದಿಂದ ಎಲ್ಲರಿಗೂ ಕಡ್ಡಾಯ. ಚಿಕ್ಕ ಪಟ್ಟಿ ಇದರ ಮೇಲೆ ಬರುವಂಥದ್ದು.

"ಆಯ್ಕೆ ಕೊಟ್ಟರೆ ಸುಲಭದ್ದನ್ನೇ ಆರಿಸುತ್ತಾರೆ" ಎಂಬುದು ಇನ್ನೊಂದು ಆಕ್ಷೇಪ. ಆಗಬಹುದು. ಆದ್ದರಿಂದಲೇ ಪಟ್ಟಿ ಮಾಡುವವರ ಮೇಲೆ ಹೊಣೆಯಿದೆ. ನಾಲ್ಕರಲ್ಲಿ ಯಾವ ಎರಡನ್ನು ಆರಿಸಿದರೂ ಪಾಠಕ್ಕೆ ಒಳ್ಳೆಯದಾಗುವಂತಿರಬೇಕು. ಟಫ್‌ನೆಸ್‌ನಂಥ ಬಲೆ ಅದರಲ್ಲಿರಬಾರದು. ಪಕ್ಕದಲ್ಲಿ, ಯಾವುದು ಯಾವಾಗ ಒದಗುತ್ತದೆ ಎಂಬ ಒಂದು ಸಾಲಿನ ಸಲಹೆಯೂ ಇರಬೇಕು.

ನಾನು ಮಾಡುತ್ತಿರುವುದು

ಸಹೋದ್ಯೋಗಿಗಳ ಪರಿಶೀಲನೆಗೆ ನನ್ನ ಈಗಿನ ಕ್ರಮವನ್ನು ಮುಂದಿಡುತ್ತೇನೆ. ಮೊದಲ ಐದು ಪಾಠಗಳಿಗೆ ನಾಲ್ಕು ಕೌಶಲಗಳ ಪಟ್ಟಿ. ಪ್ರಶಿಕ್ಷಣಾರ್ಥಿ ಎರಡನ್ನು ಆರಿಸಿ, ಏಕೆ ಎಂದು ಪಾಠಯೋಜನೆಯ ಮೇಲ್ಭಾಗದಲ್ಲಿ ಒಂದು ವಾಕ್ಯ ಬರೆಯುತ್ತಾರೆ. ನನ್ನ ಹಿಮ್ಮಾಹಿತಿ ಆ ಎರಡರ ಮೇಲೆ ಮಾತ್ರ. ಐದು ಪಾಠಗಳಾದ ಮೇಲೆ ಇನ್ನೆರಡು ಸೇರುತ್ತವೆ, ಆಮೇಲೆ ಮತ್ತೆರಡು. ಕೆಟ್ಟುಹೋದ ಪಾಠವೊಂದನ್ನು ಇನ್ನೊಂದು ವಿಭಾಗದಲ್ಲಿ ಮರುಬೋಧನೆ ಮಾಡಿದರೆ ಎರಡನೆಯದನ್ನೇ ಅಂಕಕ್ಕೆ ಹಿಡಿಯುತ್ತೇನೆ. ಇದರಿಂದ ನನ್ನ ಓಡಾಟ ಹೆಚ್ಚಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ಮಾತು. ನಿಮ್ಮ ಮಾರ್ಗದರ್ಶಕರು ಉದ್ದ ಪಟ್ಟಿ ಕೊಟ್ಟರೂ ನೀವು ಅದರಲ್ಲಿ ಎರಡಕ್ಕೆ ಗೆರೆ ಎಳೆದುಕೊಳ್ಳಬಹುದು, ಯಾರೂ ತಡೆಯುವುದಿಲ್ಲ. ಮಕ್ಕಳಿಗೆ ಪಾತ್ರ ಹಂಚುವಾಗ, ನಿಮ್ಮ ಚೀಟಿಯಲ್ಲಿ ಬರೆಯದೇ ಇರುವುದನ್ನು ಅವರು ಹೇಗೆ ಓದಿಕೊಳ್ಳುತ್ತಾರೆ ಎಂದು ಒಮ್ಮೆ ಯೋಚಿಸಿ. ಮುಂದಿನ ತಿಂಗಳು ಅದೇ ಶಾಲೆಗೆ ನಮ್ಮ ಹೊಸ ತಂಡ ಹೋಗುತ್ತಿದೆ. ಆ ಹುಡುಗಿ ಈಗ ಒಂಬತ್ತನೇ ತರಗತಿ. ಅವಳಿಗೆ ಮತ್ತೆ ಸಮಯಪಾಲಕಿಯ ಚೀಟಿಯೇ ಬರಬಹುದು. ಬರಲಿ; ಈ ಸಲ ಮೇಜಿನ ನಡುವೆ ಇನ್ನೊಂದು ಹಾಳೆಯೂ ಇರುತ್ತದೆ.